ಚೆನ್ನಾಗಿರುವ ಬೆಲ್ಟನ್ನು ಯಾಕೆ ಬಿಚ್ಚಬೇಕು?

ಮೆಕ್ಯಾನಿಕ್ ಹಳೆಯ ಟೈಮಿಂಗ್ ಬೆಲ್ಟನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಏಳು ವರ್ಷದ ಡೀಸೆಲ್ ಕಾರು, ಓಡಿದ್ದು 48 ಸಾವಿರ ಕಿಲೋಮೀಟರ್ ಅಷ್ಟೇ. ತಿರುಗಿಸಿ, ಮಡಿಸಿ ನೋಡಿದೆ. ಒಂದು ಹಲ್ಲೂ ಸವೆದಿಲ್ಲ, ಎಲ್ಲೂ ಬಿರುಕಿಲ್ಲ. ಸುಮ್ನೆ ದುಡ್ಡು ಹಾಳು ಮಾಡಿದೆನಾ ಅನ್ನಿಸಿತು.

"ಚೆನ್ನಾಗೇ ಇದೆಯಲ್ಲ ಅಣ್ಣ?" ಎಂದೆ.

"ಕಟ್ ಆದ್ಮೇಲೆ ಬಂದಿದ್ರೆ ಹೆಡ್ಡೂ ಇಳಿಸ್ಬೇಕಾಗ್ತಿತ್ತು ಸಾರ್," ಎಂದು ಅವರು ಮತ್ತೆ ಬಾನೆಟ್ ಒಳಗೆ ತಲೆ ಹಾಕಿದರು.

ಹಳ್ಳಿಯಲ್ಲಿ ಇಬ್ಬರು ಹೆಂಗಸರು ಒಂದೇ ಒರಳಿನಲ್ಲಿ ಭತ್ತ ಕುಟ್ಟುವುದನ್ನು ನೋಡಿದ್ದೀರಾ? ಒಬ್ಬರ ಒನಕೆ ಇಳಿಯುವಾಗ ಇನ್ನೊಬ್ಬರದು ಮೇಲೆ. ಎಂಜಿನ್ ಒಳಗೂ ಇದೇ ಆಟ. ಗಾಳಿಯನ್ನು ಒತ್ತುವ ಪಿಸ್ಟನ್ ಮೇಲಕ್ಕೆ ಬರುತ್ತದೆ, ಗಾಳಿ ಒಳಬಿಡುವ, ಹೊಗೆ ಹೊರಬಿಡುವ ವಾಲ್ವ್ ಕೆಳಕ್ಕೆ ತೆರೆಯುತ್ತದೆ. ಇಬ್ಬರಿಗೂ ಇರುವುದು ಒಂದೇ ಜಾಗ. ಪಿಸ್ಟನ್‌ಗಳನ್ನು ಆಡಿಸುವುದು ಕೆಳಗಿನ ಕ್ರ್ಯಾಂಕ್, ವಾಲ್ವ್‌ಗಳನ್ನು ಒತ್ತುವುದು ಮೇಲಿನ ಕ್ಯಾಮ್. ಕ್ರ್ಯಾಂಕ್ ಎರಡು ಸುತ್ತು ಸುತ್ತುವಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ಸುತ್ತಬೇಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಈ ತಾಳವನ್ನು ಹಿಡಿದಿಟ್ಟಿರುವುದು ಹಲ್ಲಿರುವ ಆ ರಬ್ಬರ್ ಪಟ್ಟಿ. ಅದು ತುಂಡಾದರೆ ಕ್ಯಾಮ್ ಅಲ್ಲೇ ನಿಲ್ಲುತ್ತದೆ, ಕ್ರ್ಯಾಂಕ್ ಮಾತ್ರ ಓಟದ ಬಿರುಸಿಗೆ ಇನ್ನೂ ತಿರುಗುತ್ತಿರುತ್ತದೆ. ತೆರೆದು ನಿಂತ ವಾಲ್ವ್‌ಗೆ ಪಿಸ್ಟನ್ ಗುದ್ದುತ್ತದೆ, ವಾಲ್ವ್ ಬೆಂಡ್. ಆಗಲೇ ವಾಲ್ವ್‌ಗಳು ಕೂತಿರುವ ಎಂಜಿನ್ನಿನ ಮೇಲ್ಭಾಗವನ್ನು, ಅಂದರೆ ಹೆಡ್ಡನ್ನು, ಇಳಿಸಬೇಕಾಗುವುದು. ಕೆಲವು ಎಂಜಿನ್‌ಗಳಲ್ಲಿ ಇವೆರಡೂ ತಾಗದಷ್ಟು ಜಾಗ ಬಿಟ್ಟಿರುತ್ತಾರೆ. ಅಲ್ಲಿ ಬೆಲ್ಟ್ ಹೋದರೆ ಗಾಡಿ ನಿಲ್ಲುತ್ತದೆ ಅಷ್ಟೇ. ಡೀಸೆಲ್‌ನಲ್ಲಿ ಗಾಳಿಯನ್ನು ತುಂಬಾ ಚಿಕ್ಕ ಜಾಗಕ್ಕೆ ಒತ್ತಬೇಕು, ಹಾಗಾಗಿ ಅಷ್ಟು ಜಾಗ ಬಿಡುವುದು ಕಷ್ಟ.

ಹಲ್ಲಿನ ಬೆಲ್ಟ್ ಹುಟ್ಟಿದ್ದು ಕಾರಿಗಾಗಿ ಅಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ಹೊಲಿಗೆ ಯಂತ್ರಕ್ಕೆಂದು ಬಂತು, ಸೂಜಿಯೂ ಬಾಬಿನ್ನೂ ತಾಳ ತಪ್ಪದಿರಲಿ ಎಂದು. 1962ರ ಹೊತ್ತಿಗೆ ಪಶ್ಚಿಮ ಜರ್ಮನಿಯ ಗ್ಲಾಸ್ ಎಂಬ ಸಣ್ಣ ಕಂಪನಿ ಅದನ್ನು ತನ್ನ 1004 ಕಾರಿನ ಎಂಜಿನ್‌ಗೆ ಹಾಕಿತು. ಚೈನ್‌ಗಿಂತ ಹಗುರ, ಸದ್ದು ಕಡಿಮೆ, ಎಣ್ಣೆ ಬೇಡ.

ಆದರೆ ಅದು ರಬ್ಬರ್. ಹಳೆಯ ಬಿಲ್ಲುಗಳಿಗೆ ಸುತ್ತಿಟ್ಟ ರಬ್ಬರ್ ಬ್ಯಾಂಡ್ ನಾಲ್ಕೈದು ವರ್ಷದ ಮೇಲೆ ಎಳೆದರೆ ಪಟ್ ಎನ್ನುತ್ತದೆ, ಅಲ್ವಾ? ಅದು ಒಂದು ಕಿಲೋಮೀಟರೂ ಓಡಿರುವುದಿಲ್ಲ. ಗಾಳಿ ಮತ್ತು ಶಾಖ ರಬ್ಬರನ್ನು ನಿಧಾನವಾಗಿ ಗಡುಸು ಮಾಡುತ್ತವೆ. ಕಾರಿನ ಕೈಪಿಡಿಯಲ್ಲಿ 'ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು' ಎಂದು ಬರೆಯುವುದು ಇದಕ್ಕೇ. ಹಿಂದಿನ ಬೆಲ್ಟುಗಳು ಸಾಯುವ ಮುಂಚೆ ಬಿರುಕು ತೋರಿಸುತ್ತಿದ್ದವು. ಈಗಿನ ರಬ್ಬರ್ ಹೆಚ್ಚು ಗಟ್ಟಿ, ಅಷ್ಟು ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಭಾರ ಹೊರುವುದು ಒಳಗಿರುವ ಗಾಜಿನ ನಾರು. ಅದು ಕಣ್ಣಿಗೆ ಕಾಣುವುದೇ ಇಲ್ಲ. ನಾನು ಮಡಿಸಿ ಪರೀಕ್ಷೆ ಮಾಡಿದ್ದು ನಗೆಪಾಟಲು.

ಇನ್ನು ಕಿಲೋಮೀಟರ್ ಲೆಕ್ಕ. ಬೆಲ್ಟಿಗೆ ರಸ್ತೆ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸುತ್ತು ಮಾತ್ರ. ಹೈವೇಯಲ್ಲಿ ಗಂಟೆಗೆ 80 ಕಿ.ಮೀ. ವೇಗ, ನಿಮಿಷಕ್ಕೆ 2000 ಸುತ್ತು ಅಂದುಕೊಳ್ಳಿ. ಕಿಲೋಮೀಟರಿಗೆ 1500 ಸುತ್ತು ಆಯಿತು. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ಸಂಜೆ ಗಂಟೆಗೆ 15 ಕಿ.ಮೀ.ಯಂತೆ ತೆವಳುವಾಗ ಸರಾಸರಿ 1200 ಸುತ್ತು ಎಂದರೂ ಕಿಲೋಮೀಟರಿಗೆ 4800. ಮೂರು ಪಟ್ಟಿಗಿಂತ ಜಾಸ್ತಿ! ಟ್ರ್ಯಾಕ್ಟರ್ ಸರ್ವಿಸನ್ನು ಗಂಟೆ ಲೆಕ್ಕದಲ್ಲಿ ಮಾಡಿಸುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಡದಿಯಲ್ಲಿ ತಯಾರಾದ ಹಳೆಯ ಡೀಸೆಲ್ ಇನ್ನೋವಾದಲ್ಲಿ ಟಿ-ಬೆಲ್ಟ್ ಎಂಬ ದೀಪವೇ ಇದೆ. ಅದು ಹತ್ತಿದಾಗ ಬೆಲ್ಟನ್ನು ಯಾವುದೋ ಸೆನ್ಸರ್ ಮುಟ್ಟಿ ನೋಡಿದೆ ಎಂದು ನಾನೂ ನಂಬಿದ್ದೆ. ಇಲ್ಲ, ಅದು ಓಡಿದ ದೂರವನ್ನು ಎಣಿಸುತ್ತದೆ ಅಷ್ಟೇ.

ಹಾಗಾದರೆ ಎಲ್ಲ ಬಿಡಿಭಾಗವನ್ನೂ ಹೋಗುವ ಮುಂಚೆಯೇ ಬದಲಿಸಬೇಕೇ? ಬೇಡ. ಸ್ವೀಡನ್ನಿನ ಎಂಜಿನಿಯರ್ ವಲೋಡಿ ವೈಬುಲ್ 1951ರ ಒಂದು ಲೇಖನದಲ್ಲಿ ವಸ್ತುಗಳು ಯಾವಾಗ ಕೈಕೊಡುತ್ತವೆ ಎಂಬುದಕ್ಕೆ ಒಂದು ಸೂತ್ರವನ್ನು ವಿವರಿಸಿದರು. ಅದರಲ್ಲಿರುವ ಒಂದು ಸಂಖ್ಯೆ ವಯಸ್ಸಿನೊಂದಿಗೆ ಅಪಾಯ ಏರುತ್ತದೋ ಇಲ್ಲವೋ ಹೇಳುತ್ತದೆ. ಮೊಳೆ ಟೈರಿನ ವಯಸ್ಸು ಕೇಳಿ ಚುಚ್ಚುವುದಿಲ್ಲ. ಮೊಳೆಗೆ ಹೆದರಿ ಹೊಸ ಟೈರ್ ಹಾಕಿಸಿದರೆ ಏನೂ ಸಿಗುವುದಿಲ್ಲ. ವೈಪರ್ ರಬ್ಬರಿಗೆ ವಯಸ್ಸಾಗುತ್ತದೆ, ಆದರೆ ಹೋದ ಮೇಲೆ ಬದಲಿಸಿದರೂ ನಷ್ಟ ಅಲ್ಪ. ಬೆಲ್ಟಿಗೆ ವಯಸ್ಸೂ ಆಗುತ್ತದೆ, ಹೋದರೆ ಹೆಡ್ಡನ್ನೂ ಕರೆದುಕೊಂಡು ಹೋಗುತ್ತದೆ. ಆದ್ದರಿಂದ ತಯಾರಕರು ನೂರರಲ್ಲಿ ಅತಿ ದುರ್ಬಲವಾದ ಒಂದೆರಡು ಬೆಲ್ಟುಗಳೂ ದಾಟುವಂಥ ಗಡುವು ಇಡಬೇಕು. ಉಳಿದವು ಬಿಚ್ಚುವಾಗ ಇನ್ನೂ ಚೆನ್ನಾಗೇ ಇರುತ್ತವೆ. ನನ್ನ ಕೈಗೆ ಬಂದದ್ದು ಅಂಥ ಒಂದು ಬೆಲ್ಟ್. ಅದು ಚೆನ್ನಾಗಿದ್ದದ್ದು ಗಡುವು ತಪ್ಪು ಎಂಬುದಕ್ಕೆ ಸಾಕ್ಷಿಯಲ್ಲ. ಗಡುವು ಸರಿಯಿದ್ದರೆ ಹಾಗೇ ಇರಬೇಕು.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ನನ್ನ ಮಾತು ಇನ್ನೂ ಚಿಕ್ಕದು. ಬಿಲ್ಲು ಇಲ್ಲವೆಂದರೆ ಬೆಲ್ಟ್ ಬದಲಿಸಿಲ್ಲ ಎಂದೇ ತಿಳಿಯಿರಿ.

ಮೆಕ್ಯಾನಿಕ್ ಬೆಲ್ಟಿನ ಜೊತೆ ಅದನ್ನು ಬಿಗಿಯಾಗಿಡುವ ಟೆನ್ಷನರ್, ಬೆಲ್ಟ್ ಹಾಯುವ ಸಣ್ಣ ಚಕ್ರ, ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಎಲ್ಲವನ್ನೂ ಬದಲಿಸುತ್ತೇನೆ ಎಂದಾಗ ನಾನು ಮೊದಲು ಗೊಣಗಿದ್ದೆ. ಬಿಚ್ಚುವ ಕೂಲಿ ಒಂದೇ ಎಂದು ಅವರ ವಾದ. ಬೆಲ್ಟ್ ಹಿಡಿದು ನಿಂತಿದ್ದ ನನ್ನ ಕಿವಿಯ ಹತ್ತಿರ ಅವರು ಆ ಹಳೆಯ ಚಕ್ರ ತಂದು ಬೆರಳಿನಿಂದ ತಿರುಗಿಸಿದರು. ಹೊಸದು ಸದ್ದಿಲ್ಲದೆ ತಿರುಗಿತ್ತು. ಇದು ಒಳಗೆ ಮರಳು ಸೇರಿದ ಹಾಗೆ ಗರಗರ ಎಂದಿತು. ಒಳಗಿನ ಬೇರಿಂಗ್ ಬಿಗಿದು ಚಕ್ರ ನಿಂತಿದ್ದರೆ ಆ ಚಂದದ ಬೆಲ್ಟೂ ಅದರ ಮೇಲೆ ಉಜ್ಜಿ ಹರಿಯುತ್ತಿತ್ತು.