ಲೈನ್ ಅಂದ್ರೆ ಯಾವ ಲೈನ್?

ಮೇ ತಿಂಗಳಲ್ಲಿ ನಮ್ಮ ತೋಟದಲ್ಲಿ ಹೊಸ ಅರೇಬಿಕಾ ಕಾಫಿ ಗಿಡಕ್ಕೆ ಲೈನ್ ಹಾಕುತ್ತಿದ್ದೆವು. ಹಗ್ಗಕ್ಕೆ ಆರಾರು ಅಡಿಗೊಂದು ಕೆಂಪು ಬಟ್ಟೆ ಚೂರು ಕಟ್ಟಿ, ಎರಡೂ ತುದಿ ಎಳೆದು ಹಿಡಿದು, ಚೂರು ಇದ್ದಲ್ಲೆಲ್ಲ ಗೂಟ ಹೊಡೆಯುವ ಕೆಲಸ. ಅಷ್ಟರಲ್ಲಿ ಮೇಲಿನ ಕಡೆಯಿಂದ ಹುಡುಗನೊಬ್ಬ ಓಡಿ ಬಂದ. "ಅಣ್ಣಾ, ಲೈನ್ ಕಟ್ಟಾಗಿದೆ!" ನಾನು ಹಗ್ಗ ನೋಡಿದೆ. ಅವನು ಹೇಳಿದ್ದು ಕರೆಂಟ್ ಲೈನ್. ಸಿಲ್ವರ್ ಮರದ ಕೊಂಬೆ ಅದರ ಮೇಲೆ ಬಿದ್ದಿತ್ತು.

ಕೊಡಗಿನಲ್ಲಿ ಈ ಒಂದು ಪದ ಎಷ್ಟು ದುಡಿಯುತ್ತದೆ ನೋಡಿ. ಕೆಲಸದವರು ಇರುವುದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ. ಮಳೆಗಾಲದಲ್ಲಿ ಊರೆಲ್ಲ ಕಾಯುವುದು ಲೈನ್‌ಮನ್‌ಗೆ. ಟೈಲರ್ ರವಿಕೆಗೆ ಲೈನಿಂಗ್ ಕೊಡುತ್ತಾರೆ.

ಇಷ್ಟಕ್ಕೂ ಬೇರು ಒಂದೇ ಗಿಡ, ನಾವು ಚಟ್ನಿಪುಡಿ ಮಾಡುವ ಅಗಸೆ! ಲ್ಯಾಟಿನ್‌ನಲ್ಲಿ ಅದು ಲೀನಮ್. ಅದರ ನಾರಿನ ದಾರ ಲೀನಿಯಾ. ದಾರ ಎಳೆದು ಹಿಡಿದರೆ ಗೆರೆ, ಗೆರೆಯಂತೆ ನಿಂತರೆ ಸಾಲು. ಹಿಂದೆ ಬಟ್ಟೆಯ ಒಳಪದರಕ್ಕೆ ಲಿನನ್ ಹಾಕುತ್ತಿದ್ದರು, ಲೈನಿಂಗ್ ಬಂದದ್ದು ಹಾಗೆ. ತೋಟದಲ್ಲಿ ಹಗ್ಗ ಹಿಡಿದವರ ಕೈಯಲ್ಲಿರುವುದು ಆ ಪದದ ಹಳೆಯ ಅರ್ಥವೇ ಅಲ್ವಾ?

ಸಂದರ್ಭ ಗೊತ್ತಿದ್ದರೆ ಮೆದುಳು ಸರಿಯಾದ ಅರ್ಥವನ್ನಷ್ಟೇ ಎತ್ತಿಕೊಳ್ಳುತ್ತದೆ ಅಂತ ನಾವು ಸುಮ್ನೆ ನಂಬಿಬಿಡುತ್ತೇವೆ. ಯಾವಾಗಲೂ ಹಾಗಲ್ಲ. 1979ರಲ್ಲಿ ಮನೋವಿಜ್ಞಾನಿ ಡೇವಿಡ್ ಸ್ವಿನ್ನಿ ಇದನ್ನು ಪರೀಕ್ಷಿಸಿದರು. ಅವರು ಬಳಸಿದ ಒಂದು ಪದ 'ಬಗ್ಸ್'. ಅದಕ್ಕೆ ಹುಳ ಅಂತಲೂ ಅರ್ಥ, ಕದ್ದು ಕೇಳುವ ಮೈಕ್ ಅಂತಲೂ ಅರ್ಥ. ಹುಳಗಳ ಮಾತೇ ನಡೆಯುತ್ತಿದ್ದರೂ, ಪದ ಕಿವಿಗೆ ಬಿದ್ದ ಕೂಡಲೇ ಪರದೆಯ ಮೇಲೆ 'ಇರುವೆ' ಬಂದರೂ 'ಗೂಢಚಾರ' ಬಂದರೂ ಜನ ಬೇಗ ಗುರುತಿಸಿದರು. ಮಾತು ಮೂರು ಅಕ್ಷರದಷ್ಟು ಮುಂದೆ ಹೋದ ಮೇಲೆ ಇರುವೆಗೆ ಮಾತ್ರ ಆ ವೇಗ ಉಳಿಯಿತು.

ಗೋಣಿಕೊಪ್ಪದ ಸಂತೆಯಲ್ಲಿ "ಪೊನ್ನಪ್ಪಾ" ಅಂತ ಕೂಗಿ ನೋಡಿ. ನಾಲ್ಕು ಜನ ತಿರುಗುತ್ತಾರೆ. ಮುಂದಿನ ಮಾತು ಕೇಳಿ ಮೂವರು ತಮ್ಮ ದಾರಿ ಹಿಡಿಯುತ್ತಾರೆ. ಕಾಫಿ ಹಣ್ಣನ್ನು ನೀರಿನ ತೊಟ್ಟಿಗೆ ಸುರಿಯುವುದೂ ಹೀಗೇ. ಸುರಿಯುವಾಗ ಯಾರೂ ಆರಿಸುವುದಿಲ್ಲ. ಎಲ್ಲ ಒಟ್ಟಿಗೆ ಬೀಳುತ್ತದೆ, ಆಮೇಲೆ ಜೊಳ್ಳು ತೇಲುತ್ತದೆ, ಗಟ್ಟಿ ಹಣ್ಣು ತಳ ಸೇರುತ್ತದೆ. ಅರ್ಥಗಳು ಬೇರೆಯಾಗುವುದಕ್ಕೆ ಮಾತ್ರ ಒಂದು ಸೆಕೆಂಡೂ ಬೇಡ.

ಆ ದಿನ ನನ್ನ ತಲೆಯಲ್ಲೂ ಎರಡೂ ಲೈನ್ ಎದ್ದು ನಿಂತಿರಬೇಕು. ಕೈಯಲ್ಲಿ ಹಗ್ಗ ಇತ್ತು, ಹಗ್ಗವೇ ಗೆದ್ದಿತು. ಹುಡುಗ ಬೆರಳು ಮೇಲೆ ಮಾಡಿ ತೋರಿಸದಿದ್ದರೆ, ತುಂಡಾದ ಹಗ್ಗ ಎಲ್ಲಿ ಅಂತ ಗೂಟದ ಸಾಲು ಪೂರ್ತಿ ಹುಡುಕುತ್ತಿದ್ದೆ.