ಕರೆಂಟ್ ಕೊಡಿಸುವ ಮುನ್ನ ಹಲ್ಲು ತೋರಿಸಿ

ಬಾಯಿ, ಗಂಟಲ ಕ್ಯಾನ್ಸರಿಗೆ ರೇಡಿಯೇಷನ್, ಅಂದರೆ ನಮ್ಮ ಹಳ್ಳಿಗಳ ಮಾತಿನಲ್ಲಿ ‘ಕರೆಂಟ್’, ಶುರುವಾಗುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿಕೊಂಡು ಬನ್ನಿ ಎಂದರೆ ಮನೆಯವರು ಸಿಡಿಮಿಡಿಗೊಳ್ಳುತ್ತಾರೆ. ಜೀವ ಉಳಿದರೆ ಸಾಕೆನ್ನುವ ಹೊತ್ತಿನಲ್ಲಿ ಹುಳುಕು ಹಲ್ಲಿನ ಚಿಂತೆಯೇ?

ಚಿಂತೆ ಹಲ್ಲಿನದಲ್ಲ, ಅದರ ಕೆಳಗಿನ ಮೂಳೆಯದು. ವಿಕಿರಣವು ಗಡ್ಡೆಯ ಜೊತೆಗೆ ದವಡೆಯೊಳಗಿನ ಸಣ್ಣ ರಕ್ತನಾಳಗಳನ್ನೂ ಬತ್ತಿಸುತ್ತದೆ. ರಕ್ತದ ಪೂರೈಕೆ ಮೊದಲೇ ಕಡಿಮೆ ಇರುವ ಕೆಳದವಡೆಗೆ ಪೆಟ್ಟು ಹೆಚ್ಚು. ಆಮೇಲೆ ಹಲ್ಲು ಕಿತ್ತರೆ ಕೆಲವರಲ್ಲಿ ಆ ಗುಳಿ ತಿಂಗಳುಗಟ್ಟಲೆ ಮಾಯುವುದಿಲ್ಲ; ಸತ್ತ ಮೂಳೆ ವಸಡಿನಿಂದ ಇಣುಕುತ್ತದೆ. ಅದಕ್ಕೇ ಉಳಿಯದ ಹಲ್ಲನ್ನು ಸಾಧ್ಯವಾದರೆ ಎರಡು ವಾರ ಮುಂಚೆಯೇ ಕಿತ್ತು, ಗಾಯ ಕೂಡಲು ಬಿಡುತ್ತಾರೆ. ಈ ಅಪಾಯಕ್ಕೆ ಅವಧಿಯಿಲ್ಲ. ಹತ್ತು ವರ್ಷದ ನಂತರ ಹಲ್ಲುನೋವೆಂದು ಊರಿನ ಕ್ಲಿನಿಕ್ಕಿಗೆ ಹೋದಾಗಲೂ ಮೊದಲ ಮಾತು ‘ನನಗೆ ಕರೆಂಟ್ ಕೊಟ್ಟಿದ್ದರು’ ಎಂದೇ ಇರಬೇಕು. ಕ್ಯಾನ್ಸರ್ ಮೂಳೆಗೆ ಹರಡಿ, ಮೂಳೆ ಸವೆಯದಂತೆ ತಡೆಯುವ ಝೋಲೆಡ್ರೊನಿಕ್ ಆಸಿಡ್ ಎಂಬ ಔಷಧ ಚುಚ್ಚಿಸಿಕೊಂಡವರೂ ಹೀಗೆಯೇ ಹೇಳಬೇಕು. ಕಾರಣ ಬೇರೆ, ಫಲ ಅದೇ.

ಇನ್ನು ಜೊಲ್ಲು. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಸುರಿದು, ಆಮ್ಲವನ್ನು ತೊಳೆದು, ಹಲ್ಲಿಗೆ ಕ್ಯಾಲ್ಸಿಯಂ ಮರಳಿಸುವ ಈ ದ್ರವಕ್ಕೆ ನಾವು ಕೊಟ್ಟಿರುವ ಮರ್ಯಾದೆ ಬಹಳ ಕಡಿಮೆ. ಕಿವಿಯ ಮುಂದಿನ ಗ್ರಂಥಿಗಳು ವಿಕಿರಣದ ದಾರಿಗೆ ಸಿಕ್ಕರೆ ಬಾಯಿ ಒಣಗುತ್ತದೆ, ರೊಟ್ಟಿ ಗಂಟಲಿಗೆ ಅಂಟುತ್ತದೆ. ಹುಳುಕು ಹಲ್ಲಿನ ಬುಡವನ್ನೇ ಸುತ್ತುವರಿಯುತ್ತದೆ; ಕೊನೆಗೆ ಹಲ್ಲು ಬುಡದಲ್ಲೇ ಮುರಿಯುತ್ತದೆ. ಮಾಮೂಲಿ ಟೂತ್‌ಪೇಸ್ಟಿನಲ್ಲಿ ದಶಲಕ್ಷಕ್ಕೆ ಸುಮಾರು 1000 ಭಾಗ ಫ್ಲೋರೈಡ್ ಇದ್ದರೆ, ಇವರಿಗೆ 5000 ಭಾಗದ್ದನ್ನು ಬರೆದುಕೊಡುವುದು ಅದಕ್ಕಾಗಿ. ಬಾಯಾರಿತೆಂದು ದಿನವಿಡೀ ಪೆಪ್ಪರ್‌ಮಿಂಟ್ ಚೀಪುವವರನ್ನು ಕಂಡರೆ ನನಗೆ ದಿಗಿಲು: ಜೊಲ್ಲಿಲ್ಲದ ಬಾಯಿಗೆ ಸಕ್ಕರೆ!

ಕೀಮೋ ಪಡೆಯುವವರ ಲೆಕ್ಕ ಬೇರೆ. ಔಷಧ ಹೋದ ಒಂದೆರಡು ವಾರದಲ್ಲಿ ಬಿಳಿ ರಕ್ತಕಣಗಳು ಕುಸಿದಿರುತ್ತವೆ. ಆಗ ಹಲ್ಲಿಗೆ ಕೈಹಾಕುವಂತಿಲ್ಲ. ರಕ್ತಪರೀಕ್ಷೆ ನೋಡಿ ದಿನ ಗೊತ್ತುಮಾಡಬೇಕು. ಬಾಯಿಹುಣ್ಣಿದ್ದರೆ ಮೆತ್ತನೆಯ ಬ್ರಷ್, ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರು.

ವಿಕಿರಣದಿಂದ ದವಡೆಯ ಸ್ನಾಯುಗಳೂ ಬಿಗಿಯುತ್ತವೆ. ಅಡಿಕೆ, ಗುಟ್ಕಾದಿಂದ ಬಾಯಿ ಮೊದಲೇ ಬಿಗಿದಿದ್ದವರ ಪಾಡು ಇನ್ನೂ ಕಷ್ಟ. ಬಾಯಿ ತೆರೆದಾಗ ಮೂರು ಬೆರಳು ಒಂದರ ಮೇಲೊಂದು ಹಲ್ಲುಗಳ ನಡುವೆ ಹಿಡಿಸಬೇಕು. ಹಿಡಿಸದಿದ್ದರೆ ವೈದ್ಯರು ಐಸ್‌ಕ್ರೀಂ ಕಡ್ಡಿಗಳ ಕಟ್ಟನ್ನು ಹಲ್ಲುಗಳ ನಡುವೆ ಇಡಿಸುತ್ತಾರೆ. ಕೆಲವು ದಿನ ಬಿಟ್ಟು ಇನ್ನೊಂದು ಕಡ್ಡಿ ತೂರಿಸಲು ಹೇಳುತ್ತಾರೆ.