ಅಲೆಫ್ ಹೇಗೆ ಆಲ್ಫಾ ಆಯಿತು: ಎರಡು ದಿನ ಸತಾಯಿಸಿದ ಒಂದು ವಾಕ್ಯ

ಪಾಶ್ಚಾತ್ಯ ನಾಗರಿಕತೆಯ ಪಾಠದಲ್ಲಿ ಅಥೆನ್ಸ್, ಸ್ಪಾರ್ಟಾ, ಯುದ್ಧ ಎಲ್ಲ ಬೇಗ ತಲೆಗೆ ಹತ್ತಿತು. ನಾನು ಸಿಕ್ಕಿಬಿದ್ದದ್ದು ಒಂದೇ ವಾಕ್ಯದಲ್ಲಿ: ಗ್ರೀಕರು ಫಿನೀಷಿಯನ್ನರ (ಇಂದಿನ ಲೆಬನಾನ್ ಕರಾವಳಿಯ ವ್ಯಾಪಾರಿಗಳು) ಲಿಪಿ ತೆಗೆದುಕೊಂಡು ಅದಕ್ಕೆ ಸ್ವರ ಸೇರಿಸಿದರು. ಸೇರಿಸಿದರು ಅಂದರೆ? ಕೂತು ಹೊಸ ಅಕ್ಷರ ಗೀಚಿದರಾ?

ಹಿನ್ನೆಲೆ ಇಷ್ಟೇ. ಮೈಸೀನಿಯನ್ ಕಾಲದಲ್ಲಿ, ಅಂದರೆ ಗ್ರೀಸಿನ ಹಳೆಯ ಅರಮನೆಗಳ ಕಾಲದಲ್ಲಿ, ಗ್ರೀಕ್ ಬರೆಯಲು ಲೀನಿಯರ್ ಬಿ ಎಂಬ ಲಿಪಿ ಇತ್ತು, 1952ರಲ್ಲಿ ಮೈಕೆಲ್ ವೆಂಟ್ರಿಸ್ ಅದನ್ನು ಬಿಡಿಸಿದರು. ಮಣ್ಣಿನ ಹಲಗೆಗಳ ಮೇಲೆ ಕುರಿ, ಎಣ್ಣೆ, ರಥದ ಗಾಲಿಗಳ ಲೆಕ್ಕ. ಒಂದು ಗುರುತಿಗೆ ಒಂದು ಗುಣಿತಾಕ್ಷರ, ಥೇಟ್ ನಮ್ಮ ಹಾಗೇ ಅಲ್ವಾ ಅಂದುಕೊಂಡೆ. ಆದರೆ ಒತ್ತಕ್ಷರವಿಲ್ಲ. ಹಾಗಾಗಿ ಕ್ನೋಸೋಸ್ ಊರು ಅದರಲ್ಲಿ 'ಕೊ-ನೊ-ಸೊ'. ಕ್ರಿ.ಪೂ. 1200ರ ಆಸುಪಾಸಿಗೆ ಅರಮನೆಗಳು ಕುಸಿದವು, ಲೆಕ್ಕ ಬರೆಸುವವರೇ ಇಲ್ಲ, ಲಿಪಿ ಮರೆತುಹೋಯಿತು.

ಈಗ ಕಗ್ಗಂಟು. ಫಿನೀಷಿಯನ್ ಲಿಪಿಯಲ್ಲಿ 22 ಅಕ್ಷರ, ಎಲ್ಲವೂ ವ್ಯಂಜನ. ಪ್ರತಿ ಅಕ್ಷರಕ್ಕೂ ಒಂದು ಹೆಸರು, ಆ ಹೆಸರಿನ ಮೊದಲ ಸದ್ದೇ ಅಕ್ಷರದ ಸದ್ದು: ಬೇತ್ ಅಂದರೆ ಮನೆ, ಸದ್ದು 'ಬ್'. ಅಲೆಫ್ ಅಂದರೆ ಎತ್ತು. ಅದರ ಮೊದಲ ಸದ್ದು 'ಅ' ಅಲ್ಲ! ಇಲ್ಲೇ ನಾನು ಎಡವಿದ್ದು. 'ಅ'ಗೂ ಮೊದಲು ಗಂಟಲು ಒಂದು ಕ್ಷಣ ಮುಚ್ಚಿ ಬಿಡುವ ತಡೆ ಇದೆ, ಮಕ್ಕಳಿಗೆ ಬೇಡ ಅನ್ನುವಾಗ ನಾವು ಬಾಯಿ ಮುಚ್ಚಿಕೊಂಡೇ 'ಉಂ-ಉಂ' ಅನ್ನುತ್ತೇವಲ್ಲ, ಎರಡು 'ಉಂ'ಗಳ ನಡುವೆ ಗಂಟಲಲ್ಲಿ ಹಿಡಿದಂತಾಗುತ್ತದಲ್ಲ, ಅದೇ. ಫಿನೀಷಿಯನ್ನರಿಗೆ ಅದು ಪೂರ್ತಿ ವ್ಯಂಜನ. ಗ್ರೀಕ್ ಮಾತಿನಲ್ಲಿ ಆ ವ್ಯಂಜನವೇ ಇರಲಿಲ್ಲ, ಕಿವಿಗೆ ಬೀಳಲೇ ಇಲ್ಲ. ಅಲೆಫ್ ಅಂದಾಗ ಅವರಿಗೆ ಕೇಳಿಸಿದ್ದು ಬರೀ 'ಅ'. ಮೊದಲ ಸದ್ದೇ ಅಕ್ಷರದ ಸದ್ದು ಎಂಬ ನಿಯಮ ಹಾಗೇ ಉಳಿಯಿತು, ಅಕ್ಷರ ಮಾತ್ರ ಆಲ್ಫಾ ಎಂಬ ಸ್ವರವಾಯಿತು. ಅಯಿನ್ ಅಕ್ಷರದ ಗಂಟಲ ವ್ಯಂಜನವೂ ಗ್ರೀಕರಲ್ಲಿ ಇರಲಿಲ್ಲ, ಅದು 'ಒ' ಆಯಿತು; ಯೋದ್‌ನ 'ಯ್' ಸದ್ದು 'ಇ'ಗೆ ಹತ್ತಿರ, ಅದು 'ಇ' ಆಯಿತು. ಅಂದರೆ ಹೆಚ್ಚಿನ ಸ್ವರಗಳನ್ನು ಯಾರೂ ಸೇರಿಸಲಿಲ್ಲ, ಸುಮ್ನೆ ತಮ್ಮ ಕಿವಿಗೆ ಕೇಳಿಸಿದಂತೆ ಓದಿದರು. ಪಠ್ಯದ 'ಸೇರಿಸಿದರು' ದಾರಿ ತಪ್ಪಿಸುವ ಪದ ಅಂತ ನನಗನಿಸುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಹೇತ್ ಎಂಬ ಇನ್ನೊಂದು ಫಿನೀಷಿಯನ್ ಅಕ್ಷರದ ಕಥೆ. ಗ್ರೀಕರು ಅದನ್ನು ಹೇಟಾ ಎಂದು ಕರೆದು 'ಹ್'ಗೆ ಇಟ್ಟುಕೊಂಡರು. ಆದರೆ ಅಯೋನಿಯಾದ (ಇಂದಿನ ಟರ್ಕಿಯ ಪಶ್ಚಿಮ ಕರಾವಳಿ) ಗ್ರೀಕರು ಮಂಡ್ಯದ ಕಡೆಯವರ ಥರ, ಹಾಲಿಗೆ ಆಲು, ಹೋಗುಗೆ ಓಗು! 'ಹ್' ಬಿದ್ದುಹೋಗಿ ಹೇಟಾ ಈಟಾ ಆಯಿತು, ಅಕ್ಷರ 'ಏ' ಸ್ವರಕ್ಕೆ ಹೋಯಿತು. ಕ್ರಿ.ಪೂ. 403ರಲ್ಲಿ ಅಥೆನ್ಸ್ ಕೂಡ ಅಯೋನಿಯಾದ ಅಕ್ಷರಗಳನ್ನೇ ಅಧಿಕೃತವಾಗಿ ಒಪ್ಪಿಕೊಂಡಿತು. ಅಷ್ಟರೊಳಗೆ ಯೂಬಿಯಾ ದ್ವೀಪದ ಗ್ರೀಕರು 'ಹ್' ಉಳಿದಿದ್ದ ಹಳೆಯ ರೂಪವನ್ನು ಇಟಲಿಗೆ ಒಯ್ದಾಗಿತ್ತು, ಅವರಿಂದ ಅಲ್ಲಿನ ಎಟ್ರಸ್ಕನ್ ಜನರಿಗೆ, ಅಲ್ಲಿಂದ ರೋಮನ್ನರಿಗೆ. ನೆನಪಿಟ್ಟುಕೊಳ್ಳಲು ನನ್ನ ಉಪಾಯ: ಎರಡು ಕಂಬ, ನಡುವೆ ಒಂದು ಅಡ್ಡಪಟ್ಟಿ. ಗ್ರೀಕ್ ಪುಸ್ತಕದಲ್ಲಿ ಅದು ಈಟಾ, ಇಂಗ್ಲಿಷ್ ಪುಸ್ತಕದಲ್ಲಿ ಎಚ್.